ಊರಿನ ರಸ್ತೆಗಳನ್ನು ಸುರಕ್ಷತೆಗಾಗಿ ವರ್ಗೀಕರಿಸುವುದು ಹೇಗೆ: ಸ್ಥಳೀಯ ಸಂಸ್ಥೆಗಳಿಗೆ ಹಂತಹಂತದ ಮಾರ್ಗದರ್ಶಿ

ಶಾಲೆಯ ಮುಂದೆ ಒಂದು ಅಪಘಾತವಾಗುತ್ತದೆ. ಮರುದಿನ ವಾರ್ಡಿನ ಸದಸ್ಯರು ಉಬ್ಬು ಹಾಕಿಸಬೇಕೆಂದು ಅರ್ಜಿ ಕೊಡುತ್ತಾರೆ. ಆ ಅರ್ಜಿ ನಗರಸಭೆಯಿಂದ ಲೋಕೋಪಯೋಗಿ ಇಲಾಖೆಗೆ, ಅಲ್ಲಿಂದ ಹೆದ್ದಾರಿ ವಿಭಾಗಕ್ಕೆ ಸುತ್ತಿ, ‘ಸದರಿ ರಸ್ತೆಯು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ’ ಎಂಬ ಷರಾ ಹೊತ್ತು ಹೊರಟಲ್ಲಿಗೇ ಮರಳುತ್ತದೆ. ಅಷ್ಟರಲ್ಲಿ ಯಾರೋ ಉಳಿದ ಡಾಂಬರು ಮಿಶ್ರಣ ಸುರಿದು ರಾತ್ರೋರಾತ್ರಿ ಉಬ್ಬು ಮಾಡಿರುತ್ತಾರೆ. ಅದಕ್ಕೆ ಬಣ್ಣವೂ ಇಲ್ಲ, ಮುಂಚಿತ ಫಲಕವೂ ಇಲ್ಲ. ಮುಂದಿನ ಬೈಕ್ ಸವಾರ ಬೀಳುವುದು ಆ ಉಬ್ಬಿನ ಮೇಲೆಯೇ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಊರುಗಳಲ್ಲಿ ಮತ್ತೆ ಮತ್ತೆ ಕಾಣುವ ಈ ಸರಣಿಯಲ್ಲಿ ತಪ್ಪಿಹೋಗುತ್ತಿರುವುದು ಮೊದಲ ಕೆಲಸ, ಅಂದರೆ ಆ ರಸ್ತೆ ಯಾವ ವರ್ಗದ್ದೆಂದು ತೀರ್ಮಾನಿಸುವುದು. ವರ್ಗ ಗೊತ್ತಾದ ಮೇಲೆ ವೇಗದ ಮಿತಿ, ಅದರ ಮೇಲೆ ರಸ್ತೆಯ ರೂಪ, ಕೊನೆಗೆ ಉಬ್ಬು ಅಥವಾ ಫಲಕ. ನಾವು ಇದನ್ನು ತಲೆಕೆಳಗಾಗಿ ಮಾಡುತ್ತಿದ್ದೇವೆ. ಪಾಲಿಕೆ, ನಗರಸಭೆ, ಪುರಸಭೆಗಳ ಎಂಜಿನಿಯರುಗಳು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ವಾರ್ಡ್ ಸಮಿತಿಗಳಲ್ಲಿ ಕುಳಿತಿರುವ ನಾಗರಿಕರು ಅನುಸರಿಸಬಹುದಾದ ಕ್ರಮವನ್ನು ಮುಂದೆ ವಿವರಿಸಲಾಗಿದೆ.

ಆರಂಭಕ್ಕೆ ಮುನ್ನ: ಒಂದು ರಸ್ತೆಗೆ ಎರಡು ಹೆಸರು

ಪ್ರತಿಯೊಂದು ರಸ್ತೆಗೂ ಎರಡು ಬೇರೆ ಬೇರೆ ವರ್ಗಗಳಿರುತ್ತವೆ. ಮೊದಲನೆಯದು ಒಡೆತನದ್ದು: ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರ ಜಿಲ್ಲಾ ರಸ್ತೆ, ಗ್ರಾಮ ರಸ್ತೆ, ನಗರ ಸ್ಥಳೀಯ ಸಂಸ್ಥೆಯ ರಸ್ತೆ. ಇದು ಹಣ ಯಾರದು, ದುರಸ್ತಿ ಯಾರದು, ಅನುಮತಿ ಯಾರದು ಎಂಬುದನ್ನು ಹೇಳುತ್ತದೆ. ಎರಡನೆಯದು ಕೆಲಸದ್ದು: ಈ ರಸ್ತೆ ವಾಹನಗಳನ್ನು ದೂರಕ್ಕೆ ಸಾಗಿಸುತ್ತಿದೆಯೋ, ಬಡಾವಣೆಗಳಿಂದ ವಾಹನಗಳನ್ನು ಕೂಡಿಸಿ ಮುಖ್ಯ ರಸ್ತೆಗೆ ತಲುಪಿಸುತ್ತಿದೆಯೋ, ಅಥವಾ ಮನೆಬಾಗಿಲಿಗೆ ದಾರಿಯಷ್ಟೇ ಆಗಿದೆಯೋ ಎಂಬುದು.

ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಸಂಹಿತೆಗಳು ನಗರದ ರಸ್ತೆಗಳನ್ನು ಕೆಲಸದ ಆಧಾರದ ಮೇಲೆ ನಾಲ್ಕಾಗಿ ವಿಂಗಡಿಸುತ್ತವೆ. ಎಂಜಿನಿಯರುಗಳ ಬಾಯಲ್ಲಿ ಅವು ಆರ್ಟೀರಿಯಲ್, ಸಬ್ ಆರ್ಟೀರಿಯಲ್, ಕಲೆಕ್ಟರ್ ಮತ್ತು ಲೋಕಲ್. ಇಲ್ಲಿ ಅವನ್ನು ಪ್ರಧಾನ, ಉಪಪ್ರಧಾನ, ಸಂಗ್ರಾಹಕ, ಸ್ಥಳೀಯ ಎಂದು ಕರೆಯಲಾಗಿದೆ. (ಕಲೆಕ್ಟರ್ ರಸ್ತೆಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಸಂಬಂಧವಿಲ್ಲ ಎಂಬುದನ್ನು ಸಭೆಯ ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಈ ಪ್ರಶ್ನೆ ಬಂದೇ ಬರುತ್ತದೆ.) ಸುರಕ್ಷತೆಯನ್ನು ನಿರ್ಧರಿಸುವುದು ಎರಡನೆಯ ವರ್ಗ, ಕಾಮಗಾರಿಯನ್ನು ನಿರ್ಧರಿಸುವುದು ಮೊದಲನೆಯದು. ಎರಡನ್ನೂ ಒಂದೇ ಅಂಕಣದಲ್ಲಿ ಬರೆದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಬೇಕಾಗುವ ಕಾಗದಪತ್ರ ಮತ್ತು ಸಲಕರಣೆ

ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯ ನಕ್ಷೆ, ಅನುಮೋದಿತ ಬಡಾವಣೆ ನಕ್ಷೆಗಳು, ಸಂಸ್ಥೆಯ ರಸ್ತೆ ಆಸ್ತಿ ವಹಿ, ಲೋಕೋಪಯೋಗಿ ಇಲಾಖೆಯ ತಾಲ್ಲೂಕು ರಸ್ತೆ ನಕ್ಷೆ, ಕನಿಷ್ಠ ಮೂರು ವರ್ಷಗಳ ಅಪಘಾತ ವಿವರ. ಹಳ್ಳಿಗಳಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ಆದ ರಸ್ತೆಗಳ ಪಟ್ಟಿಯೂ ಬೇಕು.

ಸಲಕರಣೆಗಳಿಗೆ ದೊಡ್ಡ ವೆಚ್ಚವಿಲ್ಲ. 50 ಮೀಟರ್ ಟೇಪು, ಸುಣ್ಣ ಅಥವಾ ಸೀಮೆಸುಣ್ಣ, ನಿಲ್ಲುಗಡಿಯಾರವಿರುವ ಮೊಬೈಲ್, ಎಣಿಕೆ ಹಾಳೆ, ಮಿನುಗುವ ಅಂಗಿ ಇಷ್ಟು ಸಾಕು. ಮಿನುಗುವ ಅಂಗಿಯನ್ನು ಹಲವರು ಬಿಟ್ಟುಬರುತ್ತಾರೆ. ಅಪಘಾತ ತಡೆಯಲು ಹೋದವರು ರಸ್ತೆ ಬದಿಯಲ್ಲಿ ಪೆಟ್ಟು ತಿನ್ನಬಾರದು.

ಹಂತ 1: ರಸ್ತೆಯನ್ನು ತುಂಡುಗಳಾಗಿ ವಿಂಗಡಿಸಿ

ಒಂದು ಹೆಸರಿನ ರಸ್ತೆಗೆ ಆರಂಭದಿಂದ ಕೊನೆಯವರೆಗೆ ಒಂದೇ ವರ್ಗ ಕೊಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ತುಮಕೂರಿನ ಬಿ.ಎಚ್. ರಸ್ತೆಯನ್ನೇ ನೋಡಿ. ಕ್ಯಾತ್ಸಂದ್ರದ ಕಡೆಯಿಂದ ಬರುವ ವಾಹನಕ್ಕೆ ಅದು ಊರು ಪ್ರವೇಶಿಸುವ ವೇಗದ ದಾರಿ. ಬಟವಾಡಿ ದಾಟಿದಂತೆ ಎರಡೂ ಬದಿಯಿಂದ ಅಡ್ಡರಸ್ತೆಗಳು ಬಂದು ಸೇರುತ್ತವೆ. ಟೌನ್‌ಹಾಲ್ ವೃತ್ತದ ಸುತ್ತ ಕಾಲ್ನಡಿಗೆಯವರು, ಆಟೋಗಳು, ಬಸ್ಸುಗಳು ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಹೆಸರು ಒಂದೇ ಆದರೂ ಕೆಲಸ ಮೂರು.

ಆದ್ದರಿಂದ ದೊಡ್ಡ ಕೂಡುರಸ್ತೆ, ಅಗಲ ಬದಲಾಗುವ ಜಾಗ, ರಸ್ತೆ ವಿಭಜಕ ಆರಂಭವಾಗುವ ಅಥವಾ ಮುಗಿಯುವ ಜಾಗ, ಶಾಲೆ, ಆಸ್ಪತ್ರೆ, ಮಾರುಕಟ್ಟೆಯ ಎರಡು ತುದಿಗಳು, ಊರಿನ ಗಡಿ, ಇಂಥ ಕಡೆಗಳಲ್ಲೆಲ್ಲ ಗೆರೆ ಹಾಕಿ. ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು, ‘ಇಂಥ ವೃತ್ತದಿಂದ ಇಂಥ ಕ್ರಾಸಿನವರೆಗೆ’ ಎಂದು ಸ್ಪಷ್ಟವಾಗಿ ಬರೆಯಿರಿ. ತೀರಾ ಸಣ್ಣ ತುಂಡುಗಳೂ ಬೇಡ: ನೂರಿನ್ನೂರು ಮೀಟರಿಗೊಮ್ಮೆ ವೇಗದ ಮಿತಿ ಬದಲಾದರೆ ಚಾಲಕರು ಫಲಕ ನೋಡುವುದನ್ನೇ ಬಿಡುತ್ತಾರೆ.

ಹಂತ 2: ಒಡೆತನವನ್ನು ಕಾಗದದಲ್ಲಿ ಖಚಿತಪಡಿಸಿಕೊಳ್ಳಿ

‘ಇದು ಪಿಡಬ್ಲ್ಯೂಡಿಯದು’ ಎಂಬ ಬಾಯಿಮಾತು ಸಾಲದು. ಬೈಪಾಸ್ ಆದ ಮೇಲೆ ಊರೊಳಗಿನ ಹಳೆಯ ಹೆದ್ದಾರಿಯ ತುಂಡು ಯಾರ ಕೈಗೆ ಬಂದಿದೆ ಎಂಬುದರಲ್ಲಿ ಗೊಂದಲ ಹೆಚ್ಚು. ಹಸ್ತಾಂತರದ ಆದೇಶದ ಪ್ರತಿ ಇಲ್ಲದಿದ್ದರೆ ಸಂಬಂಧಪಟ್ಟ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಅವರಿಗೆ, ತುಂಡುಗಳ ಪಟ್ಟಿಯನ್ನು ಲಗತ್ತಿಸಿ, ಪ್ರತಿ ತುಂಡಿನ ಮುಂದೆ ಹೌದು ಅಥವಾ ಅಲ್ಲ ಎಂದು ದೃಢೀಕರಿಸಲು ಪತ್ರ ಬರೆಯಿರಿ. ಬಡಾವಣೆಯ ರಸ್ತೆಗಳಲ್ಲಿ ಇನ್ನೊಂದು ತೊಡಕಿದೆ: ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗದಿದ್ದರೆ ಅಲ್ಲಿ ಸಾರ್ವಜನಿಕ ಹಣ ಖರ್ಚು ಮಾಡಲು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ.

ರಾಷ್ಟ್ರೀಯ ಹೆದ್ದಾರಿ 44 ಚಿಕ್ಕಬಳ್ಳಾಪುರ ಮತ್ತು ಬಾಗೇಪಲ್ಲಿಯ ಮಗ್ಗುಲಲ್ಲೂ, 75 ಕೋಲಾರ ಮತ್ತು ಮುಳಬಾಗಿಲಿನ ಮಗ್ಗುಲಲ್ಲೂ, 48 ತುಮಕೂರಿನ ಮಗ್ಗುಲಲ್ಲೂ ಹಾದುಹೋಗುತ್ತವೆ. ಇವುಗಳ ಮುಖ್ಯ ಪಥದ ಮೇಲೆ ಸ್ಥಳೀಯ ಸಂಸ್ಥೆ ಏನನ್ನೂ ಕಟ್ಟುವಂತಿಲ್ಲ, ಉಬ್ಬನ್ನಂತೂ ಹಾಕುವಂತಿಲ್ಲ. ಆದರೆ ಹೆದ್ದಾರಿಗೆ ಬಂದು ಸೇರುವ ನಿಮ್ಮ ರಸ್ತೆಯ ಕೊನೆಯ ತುಂಡು ನಿಮ್ಮದೇ, ಹೆಚ್ಚಿನ ಕೆಲಸ ಇರುವುದೂ ಅಲ್ಲಿಯೇ.

ಹಂತ 3: ರಸ್ತೆ ನಿಜವಾಗಿ ಏನು ಮಾಡುತ್ತಿದೆ ಎಂದು ನಿಂತು ನೋಡಿ

ಕಚೇರಿಯಲ್ಲಿ ಕುಳಿತು ಮುಗಿಸಲಾಗದ ಹಂತ ಇದೊಂದೇ. ಹೆಚ್ಚಿನ ಪ್ರಸ್ತಾವಗಳು ಸೋಲುವುದೂ ಇಲ್ಲಿಯೇ.

ಒಂದು ತಾಲ್ಲೂಕು ಕೇಂದ್ರದಲ್ಲಿ ಈ ಕೆಲಸಕ್ಕೆ ಮೊದಲ ಸಲ ಕೈ ಹಾಕಿದಾಗ, 9 ಮೀಟರ್ ಅಗಲದ ಒಂದು ಬಡಾವಣೆ ರಸ್ತೆಯನ್ನು ನಕ್ಷೆ ನೋಡಿಯೇ ‘ಸ್ಥಳೀಯ’ ಎಂದು ಬರೆದುಬಿಟ್ಟಿದ್ದೆ. ಟೊಮೆಟೊ ಸುಗ್ಗಿಯ ಒಂದು ಬೆಳಗ್ಗೆ ಅಲ್ಲಿ ಹೋಗಿ ನಿಂತಾಗ, ಕ್ರೇಟು ತುಂಬಿದ ಗೂಡ್ಸ್ ಗಾಡಿಗಳು ವೃತ್ತದ ದಟ್ಟಣೆ ತಪ್ಪಿಸಿಕೊಂಡು ಒಂದರ ಹಿಂದೆ ಒಂದರಂತೆ ಆ ಬೀದಿಯಲ್ಲಿಯೇ ಮಾರುಕಟ್ಟೆಯತ್ತ ನುಗ್ಗುತ್ತಿದ್ದವು. ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದ ಹೆಂಗಸೊಬ್ಬರು ಪ್ರತಿ ಗಾಡಿಗೂ ಎದ್ದು ಮೆಟ್ಟಿಲ ಮೇಲೆ ಹತ್ತಿ, ಅದು ಹೋದ ಮೇಲೆ ಇಳಿದು ಕುಳಿತು, ಮುಂದಿನ ಎಳೆ ಎಳೆಯುತ್ತಿದ್ದರು. ಅಗಲ ಅಷ್ಟೇ ಇದ್ದರೂ ಆ ರಸ್ತೆ ಮಾಡುತ್ತಿದ್ದುದು ಸಂಗ್ರಾಹಕ ರಸ್ತೆಯ ಕೆಲಸ. ನನ್ನ ಪಟ್ಟಿಯಲ್ಲಿ ಅದಕ್ಕೆ ಬರೆದಿದ್ದ ಕ್ರಮಗಳೆಲ್ಲ ಆಗ ಕೆಲಸಕ್ಕೆ ಬಾರದೆ ಹೋದವು.

ಪ್ರತಿ ಮುಖ್ಯ ತುಂಡಿನಲ್ಲಿ ನಾಲ್ಕು ಸಂಗತಿಗಳನ್ನು ದಾಖಲಿಸಬೇಕು.

*ಎಣಿಕೆ.* ಬೆಳಗ್ಗೆ 7ರಿಂದ ಸಂಜೆ 7ರವರೆಗೆ, ಹದಿನೈದು ನಿಮಿಷಗಳ ಕಂತುಗಳಲ್ಲಿ, ದ್ವಿಚಕ್ರ, ಆಟೋ, ಕಾರು, ಸರಕು ವಾಹನ, ಬಸ್ಸು, ಟ್ರ್ಯಾಕ್ಟರ್, ಸೈಕಲ್ ಮತ್ತು ಕಾಲ್ನಡಿಗೆಯವರನ್ನು ಬೇರೆ ಬೇರೆಯಾಗಿ ಎಣಿಸಿ. ಒಂದು ಸಾಧಾರಣ ದಿನ, ಒಂದು ಸಂತೆ ಅಥವಾ ಮಾರುಕಟ್ಟೆಯ ದಿನ, ಎರಡೂ ಬೇಕು. ಶಿಡ್ಲಘಟ್ಟದಂಥ ಊರಿನಲ್ಲಿ ರೇಷ್ಮೆಗೂಡು ಮಾರುಕಟ್ಟೆಗೆ ಹೋಗುವ ರಸ್ತೆಯನ್ನು ಮಧ್ಯಾಹ್ನ ಎಣಿಸಿದರೆ ಬೆಳಗಿನ ಒತ್ತಡ ಲೆಕ್ಕಕ್ಕೇ ಸಿಗುವುದಿಲ್ಲ. ಹಾಗೆಯೇ ಶಿವರಾತ್ರಿಯ ಜಾತ್ರೆಯ ವೇಳೆ ಸಿದ್ಧಗಂಗೆಯ ದಾರಿಯನ್ನು ಮಾತ್ರ ಎಣಿಸಿ ವರ್ಷಪೂರ್ತಿಯ ವರ್ಗ ತೀರ್ಮಾನಿಸಬಾರದು.

*ಹಾದುಹೋಗುವ ವಾಹನಗಳ ಪಾಲು.* ತುಂಡಿನ ಎರಡೂ ತುದಿಯಲ್ಲಿ ಒಬ್ಬೊಬ್ಬರು ನಿಂತು, ಅರ್ಧ ಗಂಟೆ ಕಾಲ ಪ್ರತಿ ವಾಹನದ ಕೊನೆಯ ನಾಲ್ಕು ಅಂಕಿಗಳನ್ನೂ ಸಮಯವನ್ನೂ ಬರೆದುಕೊಳ್ಳಬೇಕು. ಆ ತುಂಡನ್ನು ನಿಲ್ಲದೆ ದಾಟಲು ಬೇಕಾದಷ್ಟು ಸಮಯದೊಳಗೆ ಇನ್ನೊಂದು ತುದಿಯಲ್ಲಿ ಕಂಡ ವಾಹನ ಅಲ್ಲಿ ಕೆಲಸವಿಲ್ಲದೆ ಹಾದುಹೋದದ್ದೆಂದು ತಿಳಿಯಿರಿ. ಒಳಬಂದ 200 ವಾಹನಗಳಲ್ಲಿ 120 ಹೀಗೆ ಹೊರಬಿದ್ದರೆ ಹಾದುಹೋಗುವ ಪಾಲು ಶೇಕಡಾ 60. ನಕ್ಷೆಯಲ್ಲಿ ‘ಸ್ಥಳೀಯ’ ಎಂದಿರುವ ರಸ್ತೆಯಲ್ಲಿ ಇಷ್ಟು ಪಾಲು ಕಂಡರೆ ಅದು ಅಡ್ಡದಾರಿಯಾಗಿ ಬಳಕೆಯಾಗುತ್ತಿದೆ ಎಂದೇ ಅರ್ಥ.

*ವೇಗ.* ನೇರವಾದ ಜಾಗದಲ್ಲಿ 50 ಮೀಟರ್ ಅಳೆದು ಎರಡು ಗೆರೆ ಹಾಕಿ, ವಾಹನದ ಮುಂಚಕ್ರ ಗೆರೆಯಿಂದ ಗೆರೆಗೆ ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ಎಂದು ನೋಡಿ. 6 ಸೆಕೆಂಡಾದರೆ ಗಂಟೆಗೆ 30 ಕಿಲೋಮೀಟರ್, 4.5 ಸೆಕೆಂಡಾದರೆ 40, 3.6 ಸೆಕೆಂಡಾದರೆ 50. ಮುಂದಿನ ವಾಹನದ ಹಿಂದೆ ಸಿಕ್ಕಿಕೊಂಡವನ್ನು ಬಿಟ್ಟು, ತಮ್ಮಿಷ್ಟದ ವೇಗದಲ್ಲಿ ಹೋಗುವ ನೂರು ವಾಹನಗಳನ್ನು ಅಳೆಯಿರಿ. ನಿಧಾನದಿಂದ ವೇಗದ ಕಡೆಗೆ ಜೋಡಿಸಿದಾಗ 85ನೆಯದಾಗಿ ಬರುವ ವಾಹನದ ವೇಗವೇ ಆ ತುಂಡಿನ ನಡೆವ ವೇಗ. ಸರಾಸರಿಯನ್ನು ಮಾತ್ರ ಬರೆದರೆ ನಿಧಾನದ ಟ್ರ್ಯಾಕ್ಟರುಗಳು ಅಂಕಿಯನ್ನು ಕೆಳಗೆಳೆದು ಅಪಾಯವನ್ನು ಮರೆಮಾಡುತ್ತವೆ. ನೀವು ಗೆರೆಯ ಬಳಿ ಎದ್ದು ಕಾಣುವಂತೆ ನಿಂತರೆ ಪೊಲೀಸರೆಂದು ತಿಳಿದು ಎಲ್ಲರೂ ನಿಧಾನಿಸುತ್ತಾರೆ; ಮಿನುಗುವ ಅಂಗಿ ತೊಟ್ಟೇ, ರಸ್ತೆಯಿಂದ ಒಳಗೆ ಸರಿದು ನಿಲ್ಲಿ.

*ದಾಟುವ ಜಾಗ.* ಜನ ನಿಜವಾಗಿ ಎಲ್ಲಿ ದಾಟುತ್ತಾರೆ ಎಂಬುದನ್ನು ಜೀಬ್ರಾ ಪಟ್ಟಿ ಹೇಳುವುದಿಲ್ಲ, ವಿಭಜಕದ ಮಣ್ಣು ಹೇಳುತ್ತದೆ. ಗಿಡ ನೆಟ್ಟಲ್ಲಿ ಒಂದು ಕಡೆ ಮಾತ್ರ ಹುಲ್ಲು ಸತ್ತು ನೆಲ ಗಟ್ಟಿಯಾಗಿದ್ದರೆ, ಅಂಚುಕಲ್ಲಿನ ಕಪ್ಪು ಬಿಳಿ ಬಣ್ಣ ಆ ಜಾಗದಲ್ಲಷ್ಟೇ ಸವೆದಿದ್ದರೆ, ಕಂಬಿಯ ಒಂದು ಸರಳು ಬಾಗಿದ್ದರೆ, ದಾಟುವ ಜಾಗ ಅದೇ. ಅದನ್ನು ನಕ್ಷೆಯಲ್ಲಿ ಗುರುತಿಸಿ.

ಇವುಗಳ ಮೇಲೆ ಅಪಘಾತಗಳ ವಿವರವನ್ನು ಹೊದಿಸಿ. ಸಂಚಾರ ಠಾಣೆಯವರು ಈಗ ಅಪಘಾತಗಳನ್ನು ಸ್ಥಳದ ನಿರ್ದೇಶಾಂಕ ಸಹಿತ ಐರಾಡ್ ಮತ್ತು ಇ-ಡಾರ್ ಎಂಬ ಗಣಕೀಕೃತ ಅಪಘಾತ ದಾಖಲೆ ವ್ಯವಸ್ಥೆಯಲ್ಲಿ ದಾಖಲಿಸುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಮೀಟರ್ ಅಂತರದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಸಂಭವಿಸಿದರೆ ಅದನ್ನು ಕಪ್ಪುಸ್ಥಳವೆಂದು ಪರಿಗಣಿಸಲಾಗುತ್ತದೆ. ಊರೊಳಗಿನ ರಸ್ತೆಗಳಲ್ಲಿ ಅಪಘಾತಗಳು ಚದುರಿರುವುದರಿಂದ ಈ ಅಳತೆಗೆ ಅವು ಸಿಗದೇ ಹೋಗಬಹುದು. ‘ಕಪ್ಪುಸ್ಥಳ ಇಲ್ಲ, ಆದ್ದರಿಂದ ಸಮಸ್ಯೆ ಇಲ್ಲ’ ಎಂದು ವರದಿ ಬರೆಯಬೇಡಿ.

ಹಂತ 4: ವರ್ಗವನ್ನು ತೀರ್ಮಾನಿಸಿ

ಈಗ ಪ್ರತಿ ತುಂಡಿಗೂ ಒಂದೇ ಪ್ರಶ್ನೆ: ಇಲ್ಲಿ ಸಾಗುವುದು ಮುಖ್ಯವೋ, ತಲುಪುವುದು ಮುಖ್ಯವೋ? ಸಾಗುವುದೇ ಮುಖ್ಯವಾಗಿದ್ದರೆ ಪ್ರಧಾನ ಅಥವಾ ಉಪಪ್ರಧಾನ. ಮನೆ, ಅಂಗಡಿ, ಶಾಲೆ ತಲುಪುವುದೇ ಮುಖ್ಯವಾಗಿದ್ದರೆ ಸ್ಥಳೀಯ. ಬಡಾವಣೆಯ ವಾಹನಗಳನ್ನು ಕೂಡಿಸಿ ದೊಡ್ಡ ರಸ್ತೆಗೆ ಒಪ್ಪಿಸುವುದು ಸಂಗ್ರಾಹಕ.

ಎರಡೂ ಸಮಬಲದಲ್ಲಿರುವ ತುಂಡುಗಳೇ ಅತ್ಯಂತ ಅಪಾಯಕಾರಿ. ಲಾರಿ ವೇಗವಾಗಿ ಸಾಗುವ ರಸ್ತೆಯಲ್ಲಿಯೇ ಬೇಕರಿಯ ಮುಂದೆ ಬೈಕುಗಳು ನಿಂತಿರುತ್ತವೆ, ಶಾಲೆಯ ಗೇಟು ಅದೇ ರಸ್ತೆಗೆ ತೆರೆದುಕೊಳ್ಳುತ್ತದೆ. ಇಂಥ ಕಡೆ ‘ಮಿಶ್ರ’ ಎಂದು ಬರೆದು ಜಾರಿಕೊಳ್ಳಬಾರದು. ಲಾರಿಗೆ ಬೇರೆ ದಾರಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಈ ತುಂಡನ್ನು ಕೆಳಗಿನ ವರ್ಗಕ್ಕೆ ಇಳಿಸಿ. ಇಲ್ಲದಿದ್ದರೆ ಮೇಲಿನ ವರ್ಗದಲ್ಲಿಟ್ಟು, ಜನ ಸೇರುವಷ್ಟು ಉದ್ದಕ್ಕೆ ವೇಗವನ್ನು ಮಾತ್ರ ಇಳಿಸಿ. ನನ್ನ ಅಭಿಪ್ರಾಯದಲ್ಲಿ ಸಂದೇಹವಿದ್ದಾಗಲೆಲ್ಲ ಕೆಳಗಿನ ವರ್ಗವನ್ನೇ ಆರಿಸಬೇಕು: ಮೇಲಿನ ವರ್ಗವನ್ನು ತಪ್ಪಾಗಿ ಆರಿಸಿದಾಗ ಬೆಲೆ ತೆರುವವರು ನಡೆದುಹೋಗುವವರು.

ವರ್ಗ ಕೊಟ್ಟ ಮೇಲೆ ನಕ್ಷೆಗೆ ನಾಲ್ಕು ಬಣ್ಣ ಹಚ್ಚಿ ನೋಡಿ. ಒಂದು ರಸ್ತೆ ತನ್ನ ಪಕ್ಕದ ವರ್ಗವನ್ನೇ ಕೂಡಬೇಕು: ಸ್ಥಳೀಯವು ಸಂಗ್ರಾಹಕವನ್ನು, ಸಂಗ್ರಾಹಕವು ಉಪಪ್ರಧಾನವನ್ನು. ಸ್ಥಳೀಯ ಬೀದಿಯೊಂದು ನೇರವಾಗಿ ಪ್ರಧಾನ ರಸ್ತೆಗೆ ಬಾಯಿ ತೆರೆಯುವ ಪ್ರತಿ ಜಾಗಕ್ಕೂ ಕೆಂಪು ಚುಕ್ಕೆ ಇಡಿ. ನಮ್ಮ ಊರುಗಳಲ್ಲಿ ಕೆಂಪು ಚುಕ್ಕೆಗಳು ಬಹಳ ಬೀಳುತ್ತವೆ, ಗಾಬರಿಪಡಬೇಕಾಗಿಲ್ಲ; ಆರನೆಯ ಹಂತದಲ್ಲಿ ಕೆಲಸ ಆರಂಭಿಸಬೇಕಾದುದು ಅವುಗಳಿಂದಲೇ.

ಹಂತ 5: ವೇಗದ ಮಿತಿ

ಕೇಂದ್ರ ಸಾರಿಗೆ ಸಚಿವಾಲಯದ 2018ರ ಏಪ್ರಿಲ್ 6ರ ಅಧಿಸೂಚನೆಯಂತೆ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ರಸ್ತೆಗಳಲ್ಲಿ ಗರಿಷ್ಠ ವೇಗ ಕಾರಿಗೆ ಗಂಟೆಗೆ 70, ದ್ವಿಚಕ್ರ ಮತ್ತು ಸರಕು ವಾಹನಕ್ಕೆ 60, ತ್ರಿಚಕ್ರಕ್ಕೆ 50 ಕಿಲೋಮೀಟರ್. ಇದಕ್ಕಿಂತ ಕಡಿಮೆ ಮಿತಿಯನ್ನು ವಿಧಿಬದ್ಧವಾಗಿ ನಿಗದಿಪಡಿಸದ ರಸ್ತೆಯಲ್ಲಿ, ಶಾಲೆಯ ಮುಂದೆ 65ರಲ್ಲಿ ಕಾರು ಓಡಿಸಿದವನು ‘ಮಿತಿಯೊಳಗೇ ಇದ್ದೆ’ ಎಂದು ವಾದಿಸಲು ಅವಕಾಶವಾಗುತ್ತದೆ.

ಸ್ಥಳೀಯ ರಸ್ತೆಗೆ 30, ಸಂಗ್ರಾಹಕಕ್ಕೆ 30 ಅಥವಾ 40, ಉಪಪ್ರಧಾನಕ್ಕೆ 40, ಪ್ರಧಾನಕ್ಕೆ 50 ಎಂದು ಪ್ರಸ್ತಾಪಿಸುವುದು ನಮ್ಮ ಊರುಗಳಿಗೆ ಹೊಂದುತ್ತದೆ. ಕಾಲ್ನಡಿಗೆಯವರು, ಸೈಕಲ್ಲಿನವರು ವಾಹನಗಳ ನಡುವೆಯೇ ಓಡಾಡುವ ಕಡೆ 30ಕ್ಕಿಂತ ಹೆಚ್ಚು ಬೇಡವೆಂದು ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ. ರಸ್ತೆ ಕಾಂಗ್ರೆಸ್ಸಿನ 1983ರ ಸಂಹಿತೆಯಲ್ಲಿರುವ 80, 60, 50, 30 ಎಂಬ ಅಂಕಿಗಳನ್ನು ನೋಡಿ ಅವನ್ನೇ ಮಿತಿಯಾಗಿ ಬರೆಯುವವರಿದ್ದಾರೆ. ಅವು ತಿರುವು, ನೋಟದ ದೂರ ಮುಂತಾದವನ್ನು ಲೆಕ್ಕ ಹಾಕಲು ಬಳಸುವ ವಿನ್ಯಾಸ ವೇಗಗಳು, ಚಾಲಕನಿಗೆ ಕೊಡುವ ಮಿತಿಯಲ್ಲ.

ಹಂತ 6: ರಸ್ತೆಯ ರೂಪವನ್ನು ವರ್ಗಕ್ಕೆ ಹೊಂದಿಸಿ

ಅಳೆದ ವೇಗ ಪ್ರಸ್ತಾಪಿತ ಮಿತಿಗಿಂತ 10 ಕಿಲೋಮೀಟರಿಗೂ ಹೆಚ್ಚಿದ್ದರೆ ಫಲಕವೊಂದರಿಂದ ಅದು ಇಳಿಯುವುದಿಲ್ಲ, ರಸ್ತೆಯೇ ಬದಲಾಗಬೇಕು. ಕೆಂಪು ಚುಕ್ಕೆಗಳಲ್ಲಿ ಬೀದಿಯ ಬಾಯಿಯನ್ನು ಕಿರಿದಾಗಿಸಿ, ನಿಲ್ಲುವ ಗೆರೆ ಎಳೆದು, ಮೂಲೆಯ ಹೋರ್ಡಿಂಗ್, ತಳ್ಳುಗಾಡಿ, ಟ್ರಾನ್ಸ್‌ಫಾರ್ಮರ್ ಬೇಲಿಯ ಬಳ್ಳಿ ತೆರವುಗೊಳಿಸಿ ನೋಟ ಸಿಗುವಂತೆ ಮಾಡಿ. ಪ್ರಧಾನ ರಸ್ತೆಯಲ್ಲಿ ವಿಭಜಕದ ತೆರಪುಗಳನ್ನು ಕಡಿಮೆ ಮಾಡಿ, ಉಳಿದವುಗಳಲ್ಲಿ ಬೆಳಕು ಮತ್ತು ಸಿಗ್ನಲ್ ಒದಗಿಸಿ. ತೆರಪುಗಳ ನಡುವಿನ ಅಂತರ ಅತಿಯಾದರೆ ಬೈಕ್ ಸವಾರರು ಎದುರುದಿಕ್ಕಿನಲ್ಲಿ ಬರಲಾರಂಭಿಸುತ್ತಾರೆ ಎಂಬುದನ್ನೂ ನೆನಪಿಡಿ. ಮೂರನೆಯ ಹಂತದಲ್ಲಿ ಗುರುತಿಸಿದ ಸವೆದ ಜಾಗದಲ್ಲಿಯೇ ದಾಟುಪಟ್ಟಿ ಬರಲಿ. ಜನರನ್ನು ದೂರದ ಪಟ್ಟಿಗೆ ನಡೆಸುವ ಪ್ರಯತ್ನ ಫಲಿಸುವುದು ಅಪರೂಪ.

ಇನ್ನು ಉಬ್ಬು. ಅದು ಸ್ಥಳೀಯ ಮತ್ತು ಸಂಗ್ರಾಹಕ ರಸ್ತೆಗಳ ಸಾಧನ. ರಸ್ತೆ ಕಾಂಗ್ರೆಸ್ಸಿನ 99ನೆಯ ಸಂಹಿತೆಯಂತೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವ ದುಂಡು ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು ಹೊಂದಿರಬೇಕು. ಮೊದಲ ಉಬ್ಬಿಗೆ 40 ಮೀಟರ್ ಮುಂಚೆ ಎಚ್ಚರಿಕೆ ಫಲಕ ಇರಬೇಕು. 3.7 ಮೀಟರ್ ಅಂದರೆ ಒಂದು ಕಾರು ಹೆಚ್ಚುಕಡಿಮೆ ಪೂರ್ತಿ ಉಬ್ಬಿನ ಮೇಲೆ ಹತ್ತಿ ನಿಲ್ಲುವಷ್ಟು ಅಗಲ. ನಮ್ಮ ಬೀದಿಗಳಲ್ಲಿ ಕಾಣುವ ಒಂದು ಅಡಿ ಅಗಲದ ಚೂಪು ದಿಂಡು ಉಬ್ಬೇ ಅಲ್ಲ. ಅದು ಆಂಬುಲೆನ್ಸಿನಲ್ಲಿರುವ ರೋಗಿಗೂ ಹಿಂದೆ ಕುಳಿತ ಸವಾರರಿಗೂ ಶಿಕ್ಷೆ. ಅಳತೆಗೆ ಒಂದು ತಗಡಿನ ಬಾಗು ಅಚ್ಚು ಮಾಡಿಸಿಟ್ಟುಕೊಂಡು, ಕಾಮಗಾರಿಯ ದಿನ ಡಾಂಬರು ಆರುವ ಮುನ್ನವೇ ಅದನ್ನು ಇಟ್ಟು ನೋಡಿ. ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಡಿ ಹೊಣೆಗಾರ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಹಂತ 7: ಠರಾವು, ಜಂಟಿ ಪರಿಶೀಲನೆ, ಅಧಿಸೂಚನೆ

ಕ್ರಮ ಹೀಗಿರಲಿ. ವರ್ಗೀಕರಣದ ಪಟ್ಟಿ ಮತ್ತು ನಕ್ಷೆಯನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಿ ಠರಾವು ಪಡೆಯಿರಿ. ಬಳಿಕ ಸಂಚಾರ ಪೊಲೀಸ್, ಲೋಕೋಪಯೋಗಿ, ಸಾರಿಗೆ ಇಲಾಖೆಗಳೊಡನೆ ಜಂಟಿ ಸ್ಥಳ ಪರಿಶೀಲನೆ ನಡೆಸಿ, ಅದರ ಮಹಜರಿಗೆ ಎಲ್ಲರ ಸಹಿ ಸ್ಥಳದಲ್ಲಿಯೇ ಹಾಕಿಸಿಕೊಳ್ಳಿ. ಆಮೇಲೆ ಕಚೇರಿ ಕಚೇರಿ ಅಲೆದರೆ ತಿಂಗಳು ಕಳೆಯುತ್ತದೆ. ನಂತರ ಅದು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಕಾರ್ಯಸೂಚಿಗೆ ಬರಲಿ.

ಸ್ಥಳೀಯ ಸಂಸ್ಥೆಯ ಠರಾವೇ ಕಾನೂನಲ್ಲ. ವೇಗದ ಮಿತಿಗೆ ಮೋಟಾರು ವಾಹನ ಕಾಯ್ದೆಯ 112(2)ನೆಯ ಕಲಮಿನಡಿ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕು, 116ನೆಯ ಕಲಮಿನಡಿ ಫಲಕವನ್ನೂ ನಿಲ್ಲಿಸಬೇಕು. ಭಾರಿ ವಾಹನ ನಿಷೇಧಕ್ಕೆ 115, ನಿಲುಗಡೆ ಸ್ಥಳಕ್ಕೆ 117ನೆಯ ಕಲಮುಗಳಿವೆ. ಇಂಥ ಆದೇಶಗಳನ್ನು ಜಿಲ್ಲಾಧಿಕಾರಿಗಳು ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ 221(ಎ) ನಿಯಮದೊಂದಿಗೆ ಓದಿಕೊಂಡು ಹೊರಡಿಸುತ್ತಾರೆ. 112ನೆಯ ಕಲಮಿನಲ್ಲಿ ಒಂದು ಅನುಕೂಲವೂ ಇದೆ: ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆ ಬೇಕಿಲ್ಲ. ಅದನ್ನು ಪ್ರಾಯೋಗಿಕ ಅವಧಿಯಾಗಿ ಬಳಸಿ, ಕೋನುಗಳನ್ನಿಟ್ಟು, ಮೂರನೆಯ ಹಂತದ ವೇಗದ ಅಳತೆಯನ್ನು ಮತ್ತೊಮ್ಮೆ ಮಾಡಿ, ಎರಡೂ ಅಂಕಿಗಳನ್ನು ಕಡತಕ್ಕೆ ಸೇರಿಸಿ. ವರ್ತಕರ ಆಕ್ಷೇಪಣೆಗೆ ಉತ್ತರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದಿಲ್ಲ.

ಹಂತ 8: ವರ್ಗ ತಪ್ಪಿದೆ ಎಂಬುದರ ಗುರುತುಗಳು

ಆರು ತಿಂಗಳಾದ ಮೇಲೆ ಒಂದು ಸಲ, ಬಳಿಕ ವರ್ಷಕ್ಕೊಮ್ಮೆ ಅದೇ ತುಂಡುಗಳಲ್ಲಿ ನಡೆದು ನೋಡಿ. ಉಬ್ಬಿನ ಬದಿಯ ಮಣ್ಣಿನಲ್ಲಿ ಬೈಕಿನ ಚಕ್ರದ ಹಾದಿ ಮೂಡಿದ್ದರೆ ಸವಾರರು ಅದನ್ನು ತಪ್ಪಿಸಿ ಹೋಗುತ್ತಿದ್ದಾರೆ. ಉಬ್ಬಿನ ನೆತ್ತಿಯಲ್ಲಿ ಗೀರುಗಳಿದ್ದರೆ ಎತ್ತರ ಮೀರಿದೆ. ಸ್ಥಳೀಯ ಬೀದಿಯಲ್ಲಿ ಹೊಸದಾಗಿ ಪಂಕ್ಚರ್ ಅಂಗಡಿ, ಟೀ ಅಂಗಡಿ ತಲೆಯೆತ್ತಿದ್ದರೆ ಹಾದುಹೋಗುವ ವಾಹನಗಳು ಹೆಚ್ಚಿವೆ ಎಂದೇ ಅರ್ಥ. ಎಣಿಕೆಗಾರರಿಗಿಂತ ಮೊದಲು ವ್ಯಾಪಾರಿಗೆ ಅದು ತಿಳಿದಿರುತ್ತದೆ. ವಿಭಜಕದಲ್ಲಿ ಹೊಸ ಜಾಗ ಸವೆದಿದ್ದರೆ ಎದುರಿಗೆ ಬಸ್ ನಿಲುಗಡೆಯೋ ಪಿಯು ಕಾಲೇಜೋ ಬಂದಿದೆಯೇ ನೋಡಿ.

ಹೊಸ ಬಡಾವಣೆಗೆ ಅನುಮೋದನೆ, ಮಾರುಕಟ್ಟೆಯ ಸ್ಥಳಾಂತರ, ಬೈಪಾಸ್ ಉದ್ಘಾಟನೆ, ಒಳಚರಂಡಿ ಕಾಮಗಾರಿಗಾಗಿ ದೀರ್ಘಕಾಲದ ಮಾರ್ಗ ಬದಲಾವಣೆ, ಈ ನಾಲ್ಕರಲ್ಲಿ ಯಾವುದಾದರೂ ಆದರೆ ವರ್ಷ ಕಾಯದೆ ಸುತ್ತಲಿನ ತುಂಡುಗಳನ್ನು ಮೂರನೆಯ ಹಂತದಿಂದ ಮತ್ತೆ ಪರಿಶೀಲಿಸಿ. ವರ್ಗ ಬದಲಾದರೆ ಹೊಸ ಫಲಕ ನೆಡುವ ದಿನವೇ ಹಳೆಯ ಫಲಕ ಕಿತ್ತುಹಾಕಬೇಕು. ಒಂದೇ ರಸ್ತೆಯಲ್ಲಿ 30 ಎಂದು ಒಂದು, 50 ಎಂದು ಇನ್ನೊಂದು ಫಲಕ ಉಳಿದಿದ್ದರೆ ಚಾಲಕ ತನಗೆ ಅನುಕೂಲವಾದುದನ್ನೇ ಓದುತ್ತಾನೆ, ದಂಡ ಹಾಕಿದ ಪೊಲೀಸರ ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.